ಶಟಲ್ ಕೋರ್ಟಿನಲ್ಲೇ ಒಂದು ಹೊಸ ಆಟ

ಶಿರಸಿ ಕಡೆ ಸಂಜೆಯಾದರೆ ಶಟಲ್ ಆಡುವವರಿಗೆ ಬರವಿಲ್ಲ. ಹಳ್ಳಿಗಳಲ್ಲಿ ಲೈಟ್ ಕಟ್ಟಿ ವಾಲಿಬಾಲ್ ಪಂದ್ಯಗಳೂ ನಡೆಯುತ್ತವೆ. ಆದರೆ ಆಡುವವರು ಯಾರು ನೋಡಿ. ಹೆಚ್ಚಿನವರು ಶಾಲೆಯ ದಿನಗಳಿಂದಲೇ ಪಳಗಿದ ಗಂಡಸರು. ನಲವತ್ತು ದಾಟಿದ ಮೇಲೆ ಮೊದಲ ಸಲ ಬ್ಯಾಟ್ ಹಿಡಿದ ಅಕ್ಕನಿಗೆ ಎರಡು ಸ್ಮ್ಯಾಶ್ ಬಿದ್ದರೆ ಸಾಕು, ಮತ್ತೆ ಆ ಕಡೆ ತಲೆ ಹಾಕುವುದಿಲ್ಲ.

ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಾತಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು, ಅಷ್ಟು ಬಿರುಸು. ತೋಟದ ಕೆಲಸ, ಮನೆಗೆಲಸವೂ ಲೆಕ್ಕಕ್ಕೆ ಬರುತ್ತದೆ. ಆದರೂ 2022ರ ಅಂದಾಜಿನಂತೆ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧ ಜನರಿಗೆ ಇಷ್ಟೂ ಆಗುತ್ತಿಲ್ಲ. ಹೆಂಗಸರಲ್ಲಿ ಶೇ. 57, ಗಂಡಸರಲ್ಲಿ ಶೇ. 42.

ಇವರನ್ನು ಆಟಕ್ಕೆ ಎಳೆಯಲು ಪಿಕಲ್‌ಬಾಲ್, ಅಂದರೆ ಹಲಗೆಯಂಥ ಗಟ್ಟಿ ಬ್ಯಾಟಿನಿಂದ ನೆಟ್ ದಾಟಿಸಿ ಚೆಂಡು ಹೊಡೆಯುವ ಆಟ, ಒಳ್ಳೆಯ ದಾರಿ ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ. ಅದು ಹುಟ್ಟಿದ್ದು 1965ರಲ್ಲಿ, ಅಮೆರಿಕದ ಬೈನ್‌ಬ್ರಿಜ್ ದ್ವೀಪದ ಒಂದು ಹಳೆಯ ಶಟಲ್ ಕೋರ್ಟಿನಲ್ಲಿ. ಇವತ್ತಿಗೂ ಅಳತೆ ಅದೇ: 44 ಅಡಿ ಉದ್ದ, 20 ಅಡಿ ಅಗಲ. ನೆಟ್ ಮಾತ್ರ ಸೊಂಟದೆತ್ತರಕ್ಕೆ ಇಳಿಯುತ್ತದೆ, ನಡುವೆ 34 ಇಂಚು.

ಚೆಂಡನ್ನು ಕೈಯಲ್ಲಿ ಹಿಡಿದು ನೋಡಬೇಕು. ಪ್ಲಾಸ್ಟಿಕ್ ಚೆಂಡು, ಮೈತುಂಬ ತೂತು. ಗಾತ್ರ ಹೆಚ್ಚುಕಡಿಮೆ ಟೆನಿಸ್ ಚೆಂಡಿನಷ್ಟು, ತೂಕ ಅದರ ಅರ್ಧಕ್ಕಿಂತ ಕಡಿಮೆ. ಇಷ್ಟು ಹಗುರ ಇರುವುದರಿಂದ ಗಾಳಿಯ ತಡೆಗೆ ಅದರ ವೇಗ ಬೇಗ ಇಳಿಯುತ್ತದೆ. ಎಷ್ಟೇ ಜೋರಾಗಿ ಹೊಡೆದರೂ ಎದುರಿನವರಿಗೆ ಒಂದು ಕ್ಷಣ ಜಾಸ್ತಿ ಸಿಗುತ್ತದೆ. ನಿಯಮಗಳೂ ಬಲಶಾಲಿಯ ಕೈ ಕಟ್ಟುತ್ತವೆ. ಸರ್ವಿಸ್ ಕೆಳಗಿನಿಂದಲೇ ಮಾಡಬೇಕು. ಸರ್ವಿಸ್ಸೂ ಅದರ ಮರುಹೊಡೆತವೂ ಒಂದೊಂದು ಸಲ ಪುಟಿಯಲೇಬೇಕು. ನೆಟ್‌ನ ಎರಡೂ ಕಡೆ 7 ಅಡಿಯೊಳಗೆ ನಿಂತು, ಪುಟಿಯದ ಚೆಂಡನ್ನು ಹೊಡೆಯುವಂತಿಲ್ಲ. ಹಾಗಾಗಿ ನೆಟ್‌ಗೆ ಅಂಟಿ ನಿಂತು ಸ್ಮ್ಯಾಶ್ ಮಾಡಿ ಮುಗಿಸುವ ಆಟ ಇಲ್ಲಿ ನಡೆಯುವುದಿಲ್ಲ. ಅಮ್ಮ, ಮಗಳು ಒಂದೇ ಕೋರ್ಟಿನಲ್ಲಿ ಆಡಬಹುದು, ಅಲ್ವಾ? ಬಿದ್ದು ಪೆಟ್ಟಾಗುವುದು ಇದರಲ್ಲೂ ಉಂಟು. ಒಳ್ಳೆಯ ಹಿಡಿತದ ಶೂ ಬೇಕು, ಮೊದಲು ಮೈ ಬೆಚ್ಚಗಾಗಿಸಿಕೊಳ್ಳಬೇಕು.

ಮಣ್ಣಿನ ಕೋರ್ಟಿನಲ್ಲಿ ಚೆಂಡು ಸರಿಯಾಗಿ ಪುಟಿಯುವುದಿಲ್ಲ. ಕಾರವಾರದ ಮರಳಿನಲ್ಲಂತೂ ಸುಮ್ನೆ ಕೂತುಬಿಡುತ್ತದೆ. ಅಲ್ಲಿಗೆ ಬೀಚ್ ವಾಲಿಬಾಲೇ ಸರಿ. ಆದರೆ ನಮ್ಮಲ್ಲಿ ಸಿಮೆಂಟಿನ ಅಡಿಕೆ ಅಂಗಳಗಳಿವೆ. ಅಡಿಕೆ ಒಣಗಿ ಮುಗಿದ ಮೇಲೆ ಮಳೆಗಾಲದವರೆಗೆ ಅವು ಖಾಲಿ. ಸುಣ್ಣದಲ್ಲಿ ಗೆರೆ ಎಳೆದರೆ ಕೋರ್ಟ್ ರೆಡಿ. ಮಳೆ ಹಿಡಿದಾಗ ಊರಿನ ಒಳಾಂಗಣ ಶಟಲ್ ಕೋರ್ಟುಗಳವರು ವಾರದಲ್ಲಿ ಎರಡು ಸಂಜೆ ಹೊಸಬರಿಗೆ ಅಂತಲೇ ಬಿಟ್ಟುಕೊಡಲಿ. ಆ ಎರಡು ಸಂಜೆ ಪಳಗಿದವರು ಆಡುವುದು ಬೇಡ, ಕಲಿಸಲಿ.