ಮಳೆಗಾಲ ಕಂಡ ಬಟಾಣಿ ಬೇಳೆ

ಕಳೆದ ವರ್ಷ ಬೇಸಿಗೆಯಲ್ಲಿ ಅಂಗಡಿಯಿಂದ ಕಡಲೆಬೇಳೆ ಅಂತ ತಂದೆ. ಮನೆಗೆ ಬಂದು ಪೊಟ್ಟಣ ಬಿಚ್ಚಿದರೆ ಬಟಾಣಿ ಬೇಳೆ! ಎರಡೂ ಹಳದಿ, ಎರಡೂ ನೋಡಲು ಅಕ್ಕ ತಂಗಿಯರ ಹಾಗೆ. ಹಿಂದೆ ಕೊಡಲು ಸಂಕೋಚವಾಯಿತು. ಪ್ಲಾಸ್ಟಿಕ್ ಡಬ್ಬಕ್ಕೆ ಸುರಿದು ಮೇಲಿನ ಹಲಗೆಯಲ್ಲಿ ಇಟ್ಟವನು ಮರೆತೇಬಿಟ್ಟೆ.

ನೆನಪಾದದ್ದು ಈ ವರ್ಷ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್). ಮೂರು ದಿನದಿಂದ ಬಿಡದ ಮಳೆ, ಮಕ್ಕಳಿಗೆ ಶೀತ. ಬಿಸಿ ಬಿಸಿ ಸೂಪು ಮಾಡೋಣ ಅಂತ ಒಂದು ಲೋಟ ಬೇಳೆ ತೊಳೆದು, ಐದು ಲೋಟ ನೀರು ಹಾಕಿ ಒಲೆಯ ಮೇಲಿಟ್ಟೆ. ಬಟಾಣಿ ಬೇಳೆಗೆ ಸಿಪ್ಪೆ ಇರುವುದಿಲ್ಲ, ನೆನೆಸದಿದ್ದರೂ ಮುಕ್ಕಾಲು ಗಂಟೆಯಲ್ಲಿ, ಹೆಚ್ಚೆಂದರೆ ಒಂದು ಗಂಟೆಯಲ್ಲಿ ಕರಗಬೇಕು. ಒಂದೂವರೆ ಗಂಟೆ ಕುದಿಸಿದೆ. ಒಂದು ಬೇಳೆ ತೆಗೆದು ಬೆರಳಲ್ಲಿ ಒತ್ತಿದರೆ ನುಣ್ಣಗಾಗುವ ಬದಲು ಸೀಮೆಸುಣ್ಣದ ಹಾಗೆ ತುಂಡಾಯಿತು. ಅಮ್ಮ ಬಂದು ಪಾತ್ರೆಗೆ ಇಣುಕಿ, "ಮಳೆಗಾಲ ದಾಟಿದ ಬೇಳೆ ಅಲ್ವಾ ಅದು? ಬೇಯುವುದು ಸಂಶಯವೇ" ಅಂದರು.

ನನಗೆ ಮೊದಲು ಸಂಶಯ ಬಂದದ್ದು ನೀರಿನ ಮೇಲೆ. ಗಡಸು ನೀರಿನಲ್ಲಿ ಬೇಳೆ ಬೇಗ ಬೇಯುವುದಿಲ್ಲ ಎನ್ನುವುದು ನಿಜ. ಬೇಳೆಯೊಳಗಿನ ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್ ಎಂಬ ಗೋಂದು. ಬೇಯುವುದು ಅಂದರೆ ಮುಖ್ಯವಾಗಿ ಈ ಗೋಂದು ಸಡಿಲವಾಗಿ ಕೋಶಗಳು ಬಿಟ್ಟುಕೊಳ್ಳುವುದು. ನೀರಿನಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಪೆಕ್ಟಿನ್ ಎಳೆಗಳ ನಡುವೆ ಕೂತು ಗಂಟು ಹಾಕುತ್ತದೆ. ಬೋರ್‌ವೆಲ್ ನೀರಿನ ಊರುಗಳಲ್ಲಿ ಇದು ದಿನನಿತ್ಯದ ತಲೆನೋವು.

ಆದರೆ ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ, ಅಡುಗೆಗೆ ಸುರಂಗದ ನೀರು. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆಯುತ್ತಾ ಹೋಗಿ, ಒರತೆ ಸಿಕ್ಕಿದ ಮೇಲೆ ನೀರು ತಾನಾಗಿ ಹೊರಗೆ ಹರಿಯುವ ಹಾಗೆ ಮಾಡಿದ ಬಾವಿ ಅದು. ಪಂಪು ಬೇಡ, ಕರೆಂಟು ಬೇಡ. ಈ ಕಲ್ಲು ಹುಟ್ಟುವುದೇ ಮಳೆಯಿಂದ. ಲಕ್ಷಾಂತರ ವರ್ಷ ಸುರಿದ ಮಳೆ ಬಂಡೆಯಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲವನ್ನೂ ತೊಳೆದುಕೊಂಡು ಹೋಗಿ, ಮುಖ್ಯವಾಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿಸಿದೆ. ಕಲ್ಲು ಕೆಂಪಗಿರುವುದು ಆ ಕಬ್ಬಿಣದಿಂದ. (ಅದಕ್ಕೆ ಲ್ಯಾಟರೈಟ್ ಎಂಬ ಹೆಸರು ಬಂದದ್ದು 1807ರಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ನಮ್ಮ ಕೇರಳದ್ದೇ ಆದ ಅಂಗಾಡಿಪುರಂನಲ್ಲಿ ಈ ಕಲ್ಲು ನೋಡಿ, ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ ಇರುವ ಪದವನ್ನು ಅಂಟಿಸಿದರು.) ಇಂಥ ಕಲ್ಲಿನಿಂದ ಒಸರುವ ನೀರು ಮೆದು. ಹಾಗಾಗಿ ನೀರಿನ ಮೇಲೆ ತಪ್ಪು ಹೊರಿಸುವ ಹಾಗಿರಲಿಲ್ಲ.

ಉಳಿದದ್ದು ಅಮ್ಮನ ಮಾತು. ಹುಡುಕಿ ಓದಿದರೆ, ಅದಕ್ಕೆ ವಿಜ್ಞಾನಿಗಳು ಕೊಡುವ ವಿವರಣೆಯಲ್ಲೂ ಅದೇ ಕ್ಯಾಲ್ಸಿಯಂ ಇತ್ತು. ಈ ಸಲ ನೀರಿನದ್ದಲ್ಲ, ಬೇಳೆಯದ್ದೇ. ಬಟಾಣಿಯೊಳಗೆ ಫೈಟೇಟ್ ಎಂಬ ರಂಜಕದ ಸಂಗ್ರಹ ಇರುತ್ತದೆ. ಮುಂದೆ ಮೊಳಕೆಗೆ ಬೇಕಲ್ಲ, ಅದಕ್ಕೆ. ಈ ಫೈಟೇಟ್ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹೊಸ ಬೇಳೆಯನ್ನು ಬೇಯಿಸುವಾಗ ಪೆಕ್ಟಿನ್ ಹತ್ತಿರ ಇರುವ ಕ್ಯಾಲ್ಸಿಯಂ ಅನ್ನೂ ಅದು ಎಳೆದುಕೊಳ್ಳುವುದರಿಂದ ಬೇಳೆ ಬೇಗ ಮೆತ್ತಗಾಗುತ್ತದೆ. ಆದರೆ ಸೆಕೆ ಮತ್ತು ಪಸೆ ಎರಡೂ ಇರುವ ಕಡೆ ತಿಂಗಳುಗಟ್ಟಲೆ ಇಟ್ಟರೆ, ಬೇಳೆಯಲ್ಲೇ ಇರುವ ಒಂದು ಕಿಣ್ವ ಫೈಟೇಟನ್ನು ನಿಧಾನಕ್ಕೆ ಒಡೆಯುತ್ತದೆ. ಬಿಡುಗಡೆಯಾದ ಕ್ಯಾಲ್ಸಿಯಂ ಸೀದಾ ಪೆಕ್ಟಿನ್ನಿಗೆ ಹೋಗಿ ಗಂಟು ಬೀಳುತ್ತದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ, ಮುಚ್ಚಳ ಸಡಿಲವಾದ ಡಬ್ಬದಲ್ಲಿ, ನನ್ನ ಬೇಳೆ ಕಳೆದ ಮಳೆಗಾಲವಿಡೀ ಇದನ್ನೇ ಮಾಡುತ್ತಾ ಕೂತಿತ್ತು. ಆಮೇಲೆ ಎಷ್ಟು ಕುದಿಸಿದರೂ ಅಷ್ಟೆ. ಅಮ್ಮ ಮೇ ತಿಂಗಳಲ್ಲಿ ಬೇಳೆಯನ್ನೆಲ್ಲ ಚಾಪೆಯ ಮೇಲೆ ಹರಡಿ ಒಣಗಿಸಿ ತಗಡಿನ ಡಬ್ಬದಲ್ಲಿ ಬಿಗಿಯಾಗಿ ಮುಚ್ಚುತ್ತಿದ್ದದ್ದು ಹುಳದ ಭಯಕ್ಕೆ ಅಂತಲೇ ನಾನು ತಿಳಿದಿದ್ದೆ.

ಪಾತ್ರೆಯಲ್ಲಿದ್ದದ್ದನ್ನು ಚೆಲ್ಲಲಿಲ್ಲ. ಚಿಟಿಕೆಯಷ್ಟು ಅಡುಗೆ ಸೋಡಾ ಹಾಕಿದೆ. ಕ್ಷಾರದಲ್ಲಿ ಪೆಕ್ಟಿನ್ ಬೇಗ ತುಂಡಾಗುತ್ತದೆ. ಇಪ್ಪತ್ತು ನಿಮಿಷದಲ್ಲಿ ಬೇಳೆ ಸೋತಿತು. ಸೋಡಾ ಜಾಸ್ತಿಯಾದರೆ ಸೋಪಿನ ರುಚಿ ಬರುತ್ತದೆ, ಬಿ1 ಜೀವಸತ್ವವೂ ಹಾಳಾಗುತ್ತದೆ. ಆದ್ದರಿಂದ ಇದು ಹಳೇ ಬೇಳೆಗೆ ಮಾತ್ರ. ಹುಳಿ ಇದಕ್ಕೆ ತದ್ವಿರುದ್ಧ. ಟೊಮೆಟೊ, ಪುನರ್ಪುಳಿ, ಲಿಂಬೆ ಯಾವುದನ್ನಾದರೂ ಮೊದಲೇ ಹಾಕಿದರೆ ಪೆಕ್ಟಿನ್ ಗಟ್ಟಿಯಾಗಿ ಕೂರುತ್ತದೆ. ಬೇಳೆ ಪೂರಾ ಬೆಂದ ಮೇಲೆಯೇ ಹುಳಿ. ಉಪ್ಪಿನ ಮೇಲೆ ಮಾತ್ರ ನಾವು ಸುಮ್ನೆ ಅಪವಾದ ಹೊರಿಸಿದ್ದೇವೆ. ಕಾಳನ್ನು ಉಪ್ಪುನೀರಲ್ಲಿ ನೆನೆಸಿದರೆ ಸೋಡಿಯಂ ಒಳಗೆ ಹೋಗಿ ಕ್ಯಾಲ್ಸಿಯಂನ ಜಾಗ ಹಿಡಿಯುತ್ತದೆ, ಕಾಳು ಮೆತ್ತಗೇ ಆಗುತ್ತದೆ.

ಕುಕ್ಕರಿನಲ್ಲಿ ಒಳಗಿನ ಬಿಸಿ ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುವುದರಿಂದ ಕೆಲಸ ಬೇಗ. ಆದರೆ ಬಟಾಣಿ ಬೇಳೆ ಕೆಟ್ಟ ನೊರೆ ಕಾರುತ್ತದೆ. ಅದರಲ್ಲಿರುವ ಸ್ಯಾಪೊನಿನ್ ಸೋಪಿನ ಜಾತಿಯ ವಸ್ತು, ಜೊತೆಗೆ ಪ್ರೋಟೀನು. ನೊರೆ ಹೋಗಿ ವಿಷಲ್ ಕಟ್ಟಿಕೊಂಡರೆ ಅಪಾಯ. ಕುಕ್ಕರಿಗೆ ಅರ್ಧಕ್ಕಿಂತ ಕಡಿಮೆಯೇ ತುಂಬಿಸಿ, ಒಂದು ಚಮಚ ತೆಂಗಿನೆಣ್ಣೆ ಹಾಕಿ. ನೊರೆ ಅಡಗುತ್ತದೆ.

ಬೆಂದ ಬೇಳೆಗೆ ಹೆಚ್ಚೇನೂ ಬೇಡ. ತೆಂಗಿನೆಣ್ಣೆಯಲ್ಲಿ ನೀರುಳ್ಳಿ, ಬೆಳ್ಳುಳ್ಳಿ, ಶುಂಠಿ ಹುರಿದು ಹಾಕಿ, ಸೌಟಿನ ಬೆನ್ನಲ್ಲಿ ಅರೆಬರೆ ಮಸೆದು, ಕುಟ್ಟಿದ ಕಾಳುಮೆಣಸು, ಉಪ್ಪು, ಕೊನೆಗೆ ಲಿಂಬೆರಸ. ಮಿಕ್ಸಿಗೆ ಹಾಕಿದರೆ ಅಂಟಂಟಾಗುತ್ತದೆ. ಕೋಶಗಳು ಒಡೆದು ಪಿಷ್ಟವೆಲ್ಲ ಹೊರಬರುವುದೇ ಕಾರಣ. ದೊಡ್ಡವರಿಗೆ ಒಂದೆರಡು ಗಾಂಧಾರಿ ಮೆಣಸು ಜಜ್ಜಿ ಹಾಕಿದೆ. ಮಕ್ಕಳು ಸ್ಟೀಲ್ ಲೋಟದಲ್ಲಿ ಕುಡಿದರು, ಅಮ್ಮ ಕುಚ್ಚಲಕ್ಕಿ ಗಂಜಿಗೆ ಸುರಿದುಕೊಂಡರು.

ಉಳಿದ ಸೂಪು ಬೆಳಿಗ್ಗೆ ನೋಡಿದರೆ ಹಾಲುಬಾಯಿಯ ಹಾಗೆ ಗಟ್ಟಿ! ಬಟಾಣಿಯ ಪಿಷ್ಟದಲ್ಲಿ ಮೂರನೇ ಒಂದು ಪಾಲು ಅಮೈಲೋಸ್. ಉದ್ದುದ್ದ ಸರಪಳಿಯ ಹಾಗಿರುವ ಈ ಅಣುಗಳು ಆರಿದಾಗ ಒಂದಕ್ಕೊಂದು ತಾಗಿ ಹೆಪ್ಪುಗಟ್ಟುತ್ತವೆ. ಮಗಳು ಚಾಕು ತಂದು ಚೌಕ ಚೌಕ ಕತ್ತರಿಸಿ ತಟ್ಟೆಗೆ ಹಾಕಿಕೊಂಡಳು. ನಾನು ನನ್ನ ಪಾಲಿಗೆ ಅರ್ಧ ಲೋಟ ಬಿಸಿನೀರು ಹಾಕಿ ಮತ್ತೆ ಒಲೆಗೇರಿಸಿದೆ.