ಪಿಎಲ್‌ವಿ ಟಿಪ್ಪಣಿ: ಸೆಕ್ಷನ್ 12ರಲ್ಲಿ ಆದಾಯದ ಮಾತು ಎಲ್ಲಿ ಬರುತ್ತದೆ?

ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಪ್ಯಾರಾ ಲೀಗಲ್ ವಾಲಂಟಿಯರ್ (ಪಿಎಲ್‌ವಿ) ತರಬೇತಿ ಮುಗಿಸಿ ಎರಡು ದಿನ ಆಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ನಾವು ವಕೀಲರಲ್ಲ, ಕೋರ್ಟಿನಲ್ಲಿ ವಾದ ಮಾಡುವ ಹಾಗಿಲ್ಲ, ಜನರನ್ನು ಕಾನೂನು ನೆರವಿನ ತನಕ ತಲುಪಿಸುವುದು ನಮ್ಮ ಕೆಲಸ. ಇದೆಲ್ಲ ನಿಮಗೂ ಗೊತ್ತಿರುತ್ತದೆ. ನಾನು ಎಡವಿದ್ದು ಒಂದು ಕಡೆ: ಸರ್ಕಾರದ ಖರ್ಚಿನಲ್ಲಿ ವಕೀಲರು ಯಾರಿಗೆ ಸಿಗುತ್ತಾರೆ?

ತರಬೇತಿಯಲ್ಲಿ ಒಂದು ಪ್ರಶ್ನೆ ಕೊಟ್ಟರು. ಹೈಸ್ಕೂಲ್ ಟೀಚರ್ ಒಬ್ಬರು, ಒಳ್ಳೆಯ ಸಂಬಳ. ಗಂಡ ಮನೆಯಿಂದ ಹೊರಗೆ ಹಾಕಿದ್ದಾನೆ, ಅವರು ಕೇಸು ಹಾಕಬೇಕು. ನೆರವು ಸಿಗುತ್ತದಾ? ನಾನು ಇಲ್ಲ ಅಂದೆ. ತಪ್ಪು, ಸಿಗುತ್ತದೆ.

ನೆರವು ಅಂದರೆ ಬಡವರಿಗೆ ಅಲ್ವಾ, ಹಾಗಾಗಿ ಮೊದಲು ಆದಾಯ ನೋಡಬೇಕು ಅಂತ ನನ್ನ ತಲೆಯಲ್ಲಿ ಕೂತಿತ್ತು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಸೆಕ್ಷನ್ 12ರಲ್ಲಿ ಎಂಟು ಗುಂಪುಗಳಿವೆ. ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಮಾನವ ಸಾಗಣೆ ಅಥವಾ ಜೀತಕ್ಕೆ ಸಿಕ್ಕಿದವರು, ಮಹಿಳೆ ಅಥವಾ ಮಗು, ಅಂಗವಿಕಲರು, ನೆರೆ, ಬರ, ಭೂಕಂಪ, ಜಾತಿ ದೌರ್ಜನ್ಯದಂಥದ್ದರಲ್ಲಿ ನೊಂದವರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿ ಇರುವವರು. ಎಂಟನೆಯದಾಗಿ, ಕಟ್ಟಕಡೆಗೆ, ಕಡಿಮೆ ಆದಾಯದವರು.

ನನ್ನನ್ನು ದಾರಿ ತಪ್ಪಿಸಿದ್ದು ಕಾಯ್ದೆಯ ಇಂಗ್ಲಿಷ್ ಪಠ್ಯದಲ್ಲಿ ಗುಂಪುಗಳ ನಡುವೆ ಬರುವ 'ಅಥವಾ'. ಅದು ಬರುವುದು ಒಂದೇ ಸಲ, ಏಳನೆಯದಕ್ಕೂ ಎಂಟನೆಯದಕ್ಕೂ ನಡುವೆ. ಅದನ್ನು ಗಮನಿಸದೆ ನಾನು ಕೊನೆಯ ಸಾಲನ್ನು ಎಲ್ಲರಿಗೂ ಅಂಟಿಸಿಬಿಟ್ಟಿದ್ದೆ. ಆ ಒಂದು 'ಅಥವಾ' ಎಂಟು ಗುಂಪಿಗೂ ಸೇರಿದ್ದು. ಅನುಮಾನ ಇದ್ದರೆ ಸೆಕ್ಷನ್ 13 ನೋಡಿ, ಎಲ್ಲ ಅಥವಾ ಯಾವುದಾದರೂ ಒಂದು ಅರ್ಹತೆ ಇದ್ದರೆ ಸಾಕು ಅಂತ ಅಲ್ಲಿ ಬಿಡಿಸಿ ಹೇಳಿದೆ.

ನಾನೀಗ ಮಾಡುವುದು ಇಷ್ಟು: ಮೇಲಿನಿಂದ ಒಂದೊಂದೇ ಗುಂಪಿನ ಮೇಲೆ ಬೆರಳಿಟ್ಟು ಬರುತ್ತೇನೆ, ಹೌದು ಅಂತ ಬಂದ ಕೂಡಲೇ ನಿಲ್ಲಿಸುತ್ತೇನೆ. ಟೀಚರ್ ಮೂರನೆಯದರಲ್ಲೇ ಸಿಕ್ಕಿದರು. ನಾಲ್ಕು ಲಾರಿ ಇಟ್ಟುಕೊಂಡಿರುವ ಗಂಡಸು ಜೈಲಿನಲ್ಲಿ ಇದ್ದರೆ ಏಳನೆಯದು. ಮೊದಲ ಏಳರಲ್ಲಿ ಯಾವುದೂ ಹೊಂದದಿದ್ದಾಗ ಮಾತ್ರ ಆದಾಯ ಕೇಳುವುದು. ಕಾಯ್ದೆಯಲ್ಲಿ ಬರೆದಿರುವ ಮಿತಿ ವರ್ಷಕ್ಕೆ 9,000 ರೂಪಾಯಿ. ಅದನ್ನು ಓದಿ ಗಾಬರಿ ಆಗಬೇಡಿ, ರಾಜ್ಯಗಳು ಹೆಚ್ಚಿಸಬಹುದು, ಕರ್ನಾಟಕದಲ್ಲಿ 3 ಲಕ್ಷ. ಆದಾಯಕ್ಕೆ ಅಫಿಡವಿಟ್ ಕೊಟ್ಟರೂ ಆಗುತ್ತದೆ, ಅದನ್ನು ನಂಬದಿರಲು ಕಾರಣ ಇದ್ದರೆ ಮಾತ್ರ ಪ್ರಾಧಿಕಾರ ತಕರಾರು ಎತ್ತಬಹುದು. ಕೂಲಿ ಬಿಟ್ಟು ಬಂದವರಿಗೆ ಇದು ಎಷ್ಟು ದೊಡ್ಡ ಅನುಕೂಲ!

ಗುಂಪಿಗೆ ಸೇರಿದ ಮಾತ್ರಕ್ಕೆ ಮುಗಿಯಲಿಲ್ಲ. ಕೇಸಿನಲ್ಲಿ ಮೇಲ್ನೋಟಕ್ಕೆ ಹುರುಳಿದೆ ಅಂತ ಪ್ರಾಧಿಕಾರಕ್ಕೆ ಅನ್ನಿಸಬೇಕು. ಅದೂ ಸೆಕ್ಷನ್ 13ರಲ್ಲೇ ಇದೆ.

ಲೋಕ ಅದಾಲತ್ ಬಗ್ಗೆ ಒಂದೇ ಮಾತು. ಅಲ್ಲಿನ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ (ತೀರ್ಪಿನ ಆದೇಶಕ್ಕೆ) ಸಮ, ಅದರ ಮೇಲೆ ಅಪೀಲು ಇಲ್ಲ (ಸೆಕ್ಷನ್ 21). ಸಹಿ ಹಾಕುವ ಮೊದಲೇ ಇದನ್ನು ಜನರಿಗೆ ಬಿಡಿಸಿ ಹೇಳಿ. ಓದಲು ಬಾರದವರ ಪಕ್ಕ ಕೂತು ಎರಡು ಸಲ ಓದಿ ಹೇಳಿ.