ಟಂಗ್‌ಸ್ಟನ್ ಬಿಟ್ಟರು, ಮತ್ತೆ ಹಿಡಿದರು: ಫ್ಯೂಷನ್ ಯಂತ್ರದ ಕೊಳೆಯ ಕಥೆ
ಬೆಳಗಾವಿಯ ಉದ್ಯಮಬಾಗದಲ್ಲಿ ಆರ್ಗಾನ್ ವೆಲ್ಡಿಂಗ್ ಮಾಡುವವರಿಗೆ ಟಂಗ್‌ಸ್ಟನ್ ಹೊಸದಲ್ಲ. ಟಾರ್ಚಿನ ತುದಿಯ ಆ ಕಡ್ಡಿ ಕರಗಬೇಕಾದರೆ 3422 ಡಿಗ್ರಿ ಸೆಲ್ಸಿಯಸ್ ಬೇಕು. ಆದರೆ ಕೈ ಅಲುಗಿ ಅದರ ಮೊನೆ ಕರಗಿದ ಲೋಹಕ್ಕೆ ತಾಗಿತೋ, ಒಂದು ಚೂರು ಬೆಸುಗೆಯೊಳಗೆ ಸೇರಿಬಿಡುತ್ತದೆ. ಎಕ್ಸ್‌ರೇ ಫಿಲ್ಮಿನಲ್ಲಿ ಬಿಳಿ ಚುಕ್ಕಿಯಾಗಿ ಕಾಣುತ್ತದೆ. ಕೆಲಸ ನಿಲ್ಲಿಸಿ ಮೊನೆಯನ್ನು ಮತ್ತೆ ಗ್ರೈಂಡ್ ಮಾಡಬೇಕು.

ಸೂರ್ಯನಲ್ಲಿ ನಡೆಯುವಂತೆ ಹೈಡ್ರೋಜನ್ ಬೆಸೆದು (ಇದೇ ಫ್ಯೂಷನ್) ಶಕ್ತಿ ಪಡೆಯಲು ಹೊರಟವರನ್ನು ಐವತ್ತು ವರ್ಷಗಳಿಂದ ಕಾಡುತ್ತಿರುವುದೂ ಇದೇ ಲೋಹ. ಅವರ ಟೋಕಮಾಕ್ ಯಂತ್ರ ಉಂಗುರದ ಆಕಾರದ ಲೋಹದ ಕೋಣೆ. ಕೋಟಿಗಟ್ಟಲೆ ಡಿಗ್ರಿ ಬಿಸಿಯ ಪ್ಲಾಸ್ಮಾವನ್ನು, ಅಂದರೆ ಎಲೆಕ್ಟ್ರಾನುಗಳು ಕಳಚಿದ ಅನಿಲವನ್ನು, ಅಯಸ್ಕಾಂತ ಕ್ಷೇತ್ರ ಗೋಡೆಗೆ ತಾಗದಂತೆ ಹಿಡಿದಿಡುತ್ತದೆ. ಆದರೂ ಒಂದಿಷ್ಟು ಕಣಗಳು ತಪ್ಪಿಸಿಕೊಂಡು ಗೋಡೆಗೆ ಬಡಿಯುತ್ತವೆ, ಗೋಡೆಯ ಪರಮಾಣುಗಳನ್ನು ಕಿತ್ತು ಎಬ್ಬಿಸುತ್ತವೆ. ಅವೇ ಕೊಳೆ.

1970ರ ದಶಕದಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನ ಪಿಎಲ್‌ಟಿ ಯಂತ್ರದಲ್ಲಿ ಪ್ಲಾಸ್ಮಾದ ಅಂಚಿಗೆ ಟಂಗ್‌ಸ್ಟನ್ ತುಂಡುಗಳನ್ನು ಇಟ್ಟಿದ್ದರು. ಕರಗುವುದಿಲ್ಲವಲ್ಲ ಎಂಬ ಧೈರ್ಯ. ಆದರೆ ಟಂಗ್‌ಸ್ಟನ್ ನಡುಭಾಗಕ್ಕೇ ಹೋಗಿ ಕೂತಿತು. ಇದರ ಪರಮಾಣುವಿನಲ್ಲಿ 74 ಎಲೆಕ್ಟ್ರಾನುಗಳಿವೆ. ಅಷ್ಟು ಬಿಸಿಯಲ್ಲೂ ಎಲ್ಲವೂ ಕಳಚುವುದಿಲ್ಲ, ಉಳಿದವು ಎಕ್ಸ್‌ರೇ ಸೂಸುತ್ತಲೇ ಇರುತ್ತವೆ. ಆ ಬೆಳಕಿನ ಜೊತೆ ಬಿಸಿಯೂ ಸೋರಿಹೋಗುತ್ತದೆ. ನಡುವೆ ತಣ್ಣಗೆ, ಸುತ್ತಲೂ ಬಿಸಿ! ಆಗ ಕಾರ್ಬನ್ನಿನ ರೂಪವಾದ ಗ್ರಾಫೈಟ್ ಹಾಕಿದರು. 1978ರಲ್ಲಿ ಅದೇ ಯಂತ್ರ ಸುಮಾರು 6 ಕೋಟಿ ಡಿಗ್ರಿ ಮುಟ್ಟಿತು. ಟಂಗ್‌ಸ್ಟನ್ ಮೂಲೆಗೆ ಸರಿಯಿತು.

ಕಾರ್ಬನ್ನಿಗೂ ಒಂದು ಕೆಟ್ಟ ಗುಣವಿತ್ತು. ಅದು ಹೈಡ್ರೋಜನ್ ಜೊತೆ ಸುಲಭವಾಗಿ ಕೂಡಿಕೊಳ್ಳುತ್ತದೆ. ಹಾಗಾಗಿ ಹೈಡ್ರೋಜನ್ನಿನದೇ ಭಾರದ ರೂಪವಾದ ದುಬಾರಿ ಟ್ರಿಟಿಯಂ ಇಂಧನ ಗೋಡೆಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಕೊನೆಗೆ ಟಂಗ್‌ಸ್ಟನ್ನೇ ವಾಪಸ್ ಬಂತು. 2007ರಲ್ಲಿ ಜರ್ಮನಿಯ ಆಸ್‌ಡೆಕ್ಸ್ ಅಪ್‌ಗ್ರೇಡ್ ಯಂತ್ರದ ಒಳಗೋಡೆ ಪೂರ್ತಿ ಟಂಗ್‌ಸ್ಟನ್ ಆಯಿತು. 2011ರಲ್ಲಿ ಇಂಗ್ಲೆಂಡಿನ ಜೆಟ್ ಯಂತ್ರ ಟಂಗ್‌ಸ್ಟನ್ ಮತ್ತು ಬೆರಿಲಿಯಂ ಗೋಡೆಯೊಂದಿಗೆ ಓಡಿತು.

ಒಮ್ಮೆ ಕೈಕೊಟ್ಟಿದ್ದನ್ನು ಮತ್ತೆ ನಂಬಿದ್ದು ಹೇಗೆ? ನನ್ನ ಪ್ರಕಾರ ಈ ಕಥೆಯ ಜೀವಾಳವೇ ಇದು. ಗೋಡೆಯಿಂದ ಎದ್ದ ಕೊಳೆ ಎತ್ತ ಹೋಗುತ್ತದೆ ಅನ್ನುವುದು ಅಷ್ಟರಲ್ಲಿ ಜಾಸ್ತಿ ಅರ್ಥವಾಗಿತ್ತು.

ಕೊಳೆ ಚಲಿಸುವ ದಾರಿ ಎರಡು. ಒಂದು, ಕಣಗಳ ಡಿಕ್ಕಿ. ನಡುವೆ ಇಂಧನ ದಟ್ಟವಾಗಿದ್ದರೆ ಡಿಕ್ಕಿಗಳು ಭಾರದ ಕಣಗಳನ್ನು ಒಳಕ್ಕೆ ತಳ್ಳುತ್ತವೆ. ಚಾರ್ಜ್ ಜಾಸ್ತಿ ಇದ್ದಷ್ಟೂ ಈ ಸೆಳೆತ ಜಾಸ್ತಿ. ನಡುವೆ ಬಿಸಿ ಚೆನ್ನಾಗಿ ಏರಿದ್ದರೆ ಅದೇ ಡಿಕ್ಕಿಗಳು ಹೊರಕ್ಕೂ ತಳ್ಳಬಲ್ಲವು. ಇನ್ನೊಂದು, ಸುಳಿಗಳು. ನಡುವಿಗೂ ಅಂಚಿಗೂ ಬಿಸಿಯ ಅಂತರ ಅತಿಯಾದಾಗ ಪ್ಲಾಸ್ಮಾ ಕದಡಿ ಸಣ್ಣ ಸಣ್ಣ ಸುಳಿಗಳು ಏಳುತ್ತವೆ. ಅವುಗಳಿಗೆ ಹಗುರ, ಭಾರ ಎಂಬ ಭೇದ ಅಷ್ಟಾಗಿ ಇಲ್ಲ. ಎಲ್ಲವನ್ನೂ ಕಲಸಿ ಹರಡುತ್ತವೆ. ಕೊಳೆ ಒಂದೇ ಕಡೆ ಗುಡ್ಡೆಯಾಗಲು ಬಿಡುವುದಿಲ್ಲ.

ಸುಳಿಗಳನ್ನು ಬಹಳ ಕಾಲ ಶತ್ರು ಎಂದೇ ನೋಡಿದರು. ತಪ್ಪೇನಿಲ್ಲ, ಅವು ಬಿಸಿಯನ್ನೂ ಹೊರಗೆ ಸಾಗಿಸುತ್ತವೆ. 1982ರಲ್ಲಿ ಆಸ್‌ಡೆಕ್ಸ್‌ನಲ್ಲಿ (ಆಸ್‌ಡೆಕ್ಸ್ ಅಪ್‌ಗ್ರೇಡ್‌ಗೆ ಮೊದಲಿನ ಯಂತ್ರ) ವಿಜ್ಞಾನಿ ಫ್ರಿಟ್ಜ್ ವಾಗ್ನರ್ ಅಂಚಿನ ಸುಳಿಗಳು ಅಡಗಿ ಬಿಸಿ ಚೆನ್ನಾಗಿ ನಿಲ್ಲುವ ಸ್ಥಿತಿಯನ್ನು ಕಂಡರು. ಬಿಸಿ ಒಳಗೇ ನಿಂತಿತು, ಕೊಳೆಯೂ ಒಳಗೇ ನಿಂತಿತು!

ಕೊಳೆ ಎಷ್ಟು ಬೇಗ ಹೊರಬೀಳುತ್ತದೆ ಎಂದು ಅಳೆಯುವ ರೀತಿ ನೋಡಲೇಬೇಕಾದದ್ದು. ಗಾಜಿನ ಮೇಲೆ ತೆಳುವಾಗಿ ಲೋಹ ಬಳಿದಿರುತ್ತಾರೆ. ಹಿಂದಿನಿಂದ ಲೇಸರ್ ಹೊಡೆದರೆ ಲೋಹ ಆವಿಯಾಗಿ ಪ್ಲಾಸ್ಮಾಕ್ಕೆ ಚಿಮ್ಮುತ್ತದೆ. ಆ ಲೋಹದ ಬೆಳಕಿನ ಗೆರೆಗಳು ಎಷ್ಟು ಬೇಗ ಮಂಕಾಗುತ್ತವೆ ಎಂದು ನೋಡಿದರೆ ಅದು ಹೊರಬಿದ್ದ ವೇಗ ಸಿಗುತ್ತದೆ. ಜರ್ಮನಿಯ ವೆಂಡೆಲ್‌ಸ್ಟೈನ್ 7-ಎಕ್ಸ್ ಯಂತ್ರದಲ್ಲಿ ಹೀಗೆ ಕಬ್ಬಿಣ ಚಿಮ್ಮಿಸಿದಾಗ, ಬರೀ ಡಿಕ್ಕಿಯ ಲೆಕ್ಕಕ್ಕಿಂತ ಬಹಳ ಬೇಗ ಅದು ಹೊರಬಂತು. ಸುಳಿಗಳ ಕೆಲಸ! ಹೈಡ್ರೋಜನ್ ಮಂಜುಗಡ್ಡೆಯ ಗುಳಿಗೆ ಹೊಡೆದು ಸುಳಿಗಳನ್ನು ತಗ್ಗಿಸಿದರೆ ಬಿಸಿ ಏರುತ್ತದೆ, ಆದರೆ ಕೊಳೆ ಹೊರಬರಲು ತಡಮಾಡುತ್ತದೆ.

ಹಾಗಾಗಿ ಈಗಿನ ಉಪಾಯ ನಡುಭಾಗಕ್ಕೇ ಮೈಕ್ರೋವೇವ್ ಕಾವು ಕೊಡುವುದು. ಅಲ್ಲಿ ಬೇಕಾದಷ್ಟೇ ಸುಳಿ ಎದ್ದು ಟಂಗ್‌ಸ್ಟನ್ ಚದುರಬೇಕು. ಆಸ್‌ಡೆಕ್ಸ್ ಅಪ್‌ಗ್ರೇಡ್‌ನಲ್ಲಿ ಇದು ಫಲ ಕೊಟ್ಟಿದೆ. ಫ್ರಾನ್ಸಿನಲ್ಲಿ ಹಲವು ದೇಶಗಳು ಸೇರಿ ಕಟ್ಟುತ್ತಿರುವ ಐಟರ್ ಎಂಬ ಟೋಕಮಾಕ್‌ನಲ್ಲಿ ಭಾರತವೂ ಪಾಲುದಾರ. ಅದರ ಭಾರೀ ಕ್ರಯೋಸ್ಟಾಟ್‌ನ (ಇಡೀ ಯಂತ್ರವನ್ನು ಸುತ್ತುವರಿಯುವ ನಿರ್ವಾತ ಕವಚ) ಭಾಗಗಳು ಗುಜರಾತಿನ ಹಜೀರಾದಲ್ಲಿ ತಯಾರಾದವು. 2024ರಲ್ಲಿ ಪ್ರಕಟವಾದ ಅದರ ಹೊಸ ಯೋಜನೆಯಲ್ಲಿ ಬೆರಿಲಿಯಂ ಗೋಡೆ ಕೈಬಿಟ್ಟು ಟಂಗ್‌ಸ್ಟನ್ ಆರಿಸಿದ್ದಾರೆ, ಮೈಕ್ರೋವೇವ್ ಕಾವನ್ನೂ ಹೆಚ್ಚಿಸಿದ್ದಾರೆ. ಇಂಧನದ ಹತ್ತು ಸಾವಿರ ಕಣಗಳಿಗೆ ಒಂದೇ ಒಂದು ಟಂಗ್‌ಸ್ಟನ್ ಪರಮಾಣು ಬೆರೆತರೂ ಅಲ್ಲಿ ಕೆಲಸ ಕೆಡಬಹುದು.